ದೀಪ ಹಚ್ಚುವ ಹೊತ್ತಿನ ಬಾಗಿಲು

ಜಾನ್ಸನ್‌ವಿಲ್, ವೆಲಿಂಗ್ಟನ್
9 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಲೋಹಿತ್,

‘ಪ್ರಿಯ’ ಎಂದು ಬರೆಯಲು ಹೊರಟು ಕೈ ತಡೆಯಿತು. ಬರೀ ಹೆಸರು ಬರೆದರೆ ವಕೀಲರ ನೋಟಿಸಿನ ಹಾಗೆ ಕಾಣುತ್ತದೆ. ಎರಡರ ನಡುವೆ ಎಲ್ಲೋ ಇದೆ ಎಂದುಕೊಂಡು ಓದು. ಬೇರೆಯಾಗಿ ಮೂರು ವರ್ಷವಾದ ಗಂಡನಿಗೆ ಕಾಗದ ಬರೆಯುವ ಕ್ರಮವನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಫೋನ್ ಮಾಡಬಹುದಿತ್ತು, ನಿಜ. ಮಾಡಿದರೆ ಎರಡನೇ ಮಾತಿಗೆ ನೀನು ಬಾಯಿ ಹಾಕುತ್ತೀಯ, ಮೂರನೇ ಮಾತಿಗೆ ನನಗೆ ಸಿಟ್ಟು ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ನಾಳೆ ಬೆಳಿಗ್ಗೆ ಕೊರಿಯರಿಗೆ ಕೊಟ್ಟರೆ ಮಂಗಳವಾರ ಟೌರಂಗಾದಲ್ಲಿ ನಿನ್ನ ಕೈ ಸೇರುತ್ತದಂತೆ. ಪೂರ್ತಿ ಓದಿ, ಆಮೇಲೆ ಬೈಯಿ.

ನಿನ್ನ ಮಗಳು ಪೂರ್ವಿ ಚೆನ್ನಾಗಿದ್ದಾಳೆ. ಈಜಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಇದನ್ನು ಮುಗಿಸಬೇಕು. ಅವಳ ಮಣಿಕಟ್ಟಿನ ಬಗ್ಗೆ ನೀನು ಕೇಳಿದ್ದೆ. ಮೂಳೆ ಕೂಡಿಕೊಂಡಿದೆ, ಈಗ ನೋವೂ ಇಲ್ಲ. ನೆಟ್‌ಬಾಲ್ ಅಂದಮೇಲೆ ಬೀಳುವುದು ಏಳುವುದು ಇದ್ದದ್ದೇ.

ವಿಷಯ ಅಪ್ಪನ ಪಿಸ್ತೂಲಿನದು.

ಗುರುವಾರ ಹತ್ತು ಗಂಟೆಗೆ ಪರವಾನಗಿಯ ಕಚೇರಿಯಿಂದ ಒಬ್ಬ ಹೆಂಗಸು ನಮ್ಮ ಮನೆಗೆ ಬರುತ್ತಿದ್ದಾರೆ. ಅರ್ಜಿ ಹಾಕಿದವರ ಹತ್ತಿರದ ಸಂಬಂಧಿಯನ್ನು ಎದುರಿಗೇ ಕೂರಿಸಿಕೊಂಡು ಮಾತಾಡುತ್ತಾರಂತೆ. ಅಪ್ಪ ಅರ್ಜಿಯಲ್ಲಿ ನನ್ನ ಹೆಸರು ಬರೆದಿದ್ದಾರೆ. ನಿಮ್ಮ ತಂದೆಯ ಕೈಯಲ್ಲಿ ಬಂದೂಕು ಇದ್ದರೆ ನಿಮಗೆ ಭಯವಿಲ್ಲವೇ ಎಂದು ಕೇಳುತ್ತಾರೆ. ನಾನು ಇಲ್ಲ ಅನ್ನಬೇಕು. ಅಪ್ಪ ನಿನ್ನೆ ಮತ್ತೆ ಫೋನ್ ಮಾಡಿ, “ಆ ಹೆಂಗಸು ಬಂದ್ರೆ ಚೆನ್ನಾಗಿ ಮಾತಾಡು ಕಣಮ್ಮ, ಕಾಫಿ ಗೀಫಿ ಕೊಡು” ಅಂದರು. ಹೆಣ್ಣು ನೋಡಲು ಬರುವವರ ವಿಷಯ ಹೇಳಿದ ಹಾಗಿತ್ತು. ನಾನು ನಕ್ಕೆ, ಹೂಂ ಅಂದೆ. ಹೂಂ ಅಂದದ್ದನ್ನು ನಿನಗೆ ಮುಚ್ಚಿಡುವುದಿಲ್ಲ.

ಆಗಸ್ಟ್‌ನಲ್ಲಿ ನಿನ್ನನ್ನು ಬಾಯಿಗೆ ಬಂದಂತೆ ಬೈದಿದ್ದೆ. ನಿನ್ನ ಪಿಸ್ತೂಲು ಕ್ಲಬ್ಬಿನ ಹುಚ್ಚನ್ನು ಎಪ್ಪತ್ತನಾಲ್ಕು ವರ್ಷದವರ ತಲೆಗೆ ತುಂಬಿದೆ ಅಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ಅಮ್ಮ ಹೋದ ಮೇಲೆ ಈ ಎರಡು ವರ್ಷ ಮಾವ ಎಂದು ಪ್ರತಿ ಶನಿವಾರ ಹೋಗಿ ನೋಡಿಕೊಂಡವನು ನೀನು. ಕಾಗದದ ಮೇಲೆ ನೀನು ಅವರ ಅಳಿಯ ಹೌದೋ ಅಲ್ಲವೋ ಎಂದು ಅವರು ಒಂದು ದಿನವೂ ಕೇಳಲಿಲ್ಲ. ವೆಲಿಂಗ್ಟನ್ನಿಗೆ ಬನ್ನಿ ಎಂದು ನಾನು ಎಷ್ಟು ಕರೆದರೂ, “ಇಲ್ಲಿ ಲೋಹಿತ ಇದಾನಲ್ಲಮ್ಮ” ಅನ್ನುತ್ತಾರೆ. ನನ್ನ ಹೊಟ್ಟೆ ಉರಿಯುತ್ತದೆ, ಆದರೆ ಸುಳ್ಳಲ್ಲ. ಅವರಿಗೊಂದು ಹೊತ್ತು ಹೋಗಲಿ ಎಂದು ನೀನು ಕ್ಲಬ್ಬಿಗೆ ಕರೆದುಕೊಂಡು ಹೋದೆ. ಆಟ ಎಂದೇ ನೀನು ನಂಬಿದ್ದೆ. ಅವರು ನಿನ್ನನ್ನು ಹಾಗೆ ನಂಬಿಸಿದರು.

ಮನೆ ಕಾಯಲು ಎಂದು ಬಾಯಿ ಬಿಟ್ಟರೆ ಈ ದೇಶದಲ್ಲಿ ಪರವಾನಗಿ ಸಿಗುವುದಿಲ್ಲ, ಪಿಸ್ತೂಲನ್ನು ಕ್ಲಬ್ಬಿನಲ್ಲಿ ಬಿಟ್ಟು ಬೇರೆಲ್ಲೂ ಹಾರಿಸುವಂತಿಲ್ಲ, ಮನೆಯಲ್ಲಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಗುಂಡು ಬೇರೆ ಕಡೆ ಇಡಬೇಕು ಎಂದು ಮೊದಲ ದಿನವೇ ನೀನು ಅವರಿಗೆ ಹೇಳಿದೆಯಂತೆ. ಅವರು ಚೆನ್ನಾಗಿಯೇ ಕೇಳಿಸಿಕೊಂಡಿದ್ದಾರೆ. ಅಂದಿನಿಂದ ನಿನ್ನ ಮುಂದೆ ಮನೆಯ ಮಾತೇ ಎತ್ತಿಲ್ಲ. ಮೂವತ್ತೈದು ವರ್ಷ ಸರ್ವೆ ಇಲಾಖೆಯಲ್ಲಿದ್ದವರಿಗೆ ಯಾವ ಕಾಲಮ್ಮಿನಲ್ಲಿ ಏನು ತುಂಬಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಅಕ್ಟೋಬರಿನ ರಜೆಗೆ ನಾನೊಬ್ಬಳೇ ಹೋಗಿದ್ದೆನಲ್ಲ, ಆಗ ದೇವರ ಮಂದಾಸನ ಒರೆಸುವಾಗ ಅಮ್ಮನ ಫೋಟೋದ ಹಿಂದೆ ಒಂದು ಹಾಳೆ ಸಿಕ್ಕಿತು. ಅದರಲ್ಲಿದ್ದದ್ದು ನಿನ್ನ ಅಕ್ಷರ. ಅಪ್ಪನಿಗೆ ಹೊಂದುವ ಮೂರು ಪಿಸ್ತೂಲುಗಳ ಪಟ್ಟಿ. ಮೊದಲನೆಯದು ಟೂ-ಟೂ, ಸಣ್ಣ ಗುಂಡಿನದು, ಹಗುರ, ಹಾರಿಸಿದಾಗ ಒದೆತ ಕಡಿಮೆ, ಗುರಿಯ ಹಲಗೆಗೆ ಧಾರಾಳವಾಗಿ ಸಾಕು ಎಂದು ಬರೆದಿದ್ದೆ. ಎರಡನೆಯದು ರಿವಾಲ್ವರ್, ಸರಳ, ಮೇಲಿನ ಭಾಗವನ್ನು ಹಿಂದಕ್ಕೆಳೆಯುವ ಕಷ್ಟವಿಲ್ಲ, ಮಾವನ ಬೆರಳ ಸಂದುಗಳಿಗೆ ಒಳ್ಳೆಯದು. ಮೂರನೆಯದು ನೈನ್ ಎಂಎಂ, ಬೇಡ, ಒದೆತ ಜೋರು. ಎಷ್ಟು ಪ್ರೀತಿಯಿಂದ ಬರೆದಿದ್ದೀಯ ಅಂದರೆ, ನನಗೆ ಕನ್ನಡಕ ಆರಿಸಿಕೊಟ್ಟ ದಿನ ನೆನಪಾಯಿತು.

ಅದರ ಕೆಳಗೆ ಅಪ್ಪನ ಪೆನ್ಸಿಲ್. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. “ಎರಡನೆಯದು. ಮಂದಾಸನದ ಕೆಳ ಡ್ರಾಯರು ಒಳ ಅಳತೆ ಹನ್ನೊಂದೂಕಾಲು ಇಂಚು. ಹಿಡಿಯುತ್ತದೆ. ಕರ್ಪೂರದ ಡಬ್ಬಿ ಮೇಲಕ್ಕೆ. ದೀಪ ಹಚ್ಚುವ ಮೊದಲು ತುಂಬಿಸಿ ಬಲಗಡೆ ಇಟ್ಟುಕೊಳ್ಳುವುದು. ಬಾಗಿಲಿಗೆ ಹದಿನಾಲ್ಕು ಅಡಿ.”

ನಾಲ್ಕು ಸಲ ಓದಿದೆ. ಡ್ರಾಯರು ಎಳೆದು ನೋಡಿದೆ. ಕರ್ಪೂರದ ಡಬ್ಬಿ ಆಗಲೇ ಮೇಲಕ್ಕೆ ಹೋಗಿತ್ತು.

ಅಪ್ಪ ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಇದೇನಪ್ಪ ಎಂದು ಕೇಳಿದೆ. ಅವರು ಹೆದರಲೂ ಇಲ್ಲ, ನಾಚಲೂ ಇಲ್ಲ. “ಲೋಹಿತನಿಗೆ ಹೇಳ್ಬೇಡ, ಅವನು ಕಾನೂನು ಮಾತಾಡ್ತಾನೆ” ಅಂದರು. ಅಷ್ಟೇ.

ಆ ಬಾಗಿಲಿನ ವಿಷಯ ನಿನಗೆ ಗೊತ್ತು. ಮೈಸೂರಿನ ಮನೆಯಲ್ಲಿ ಅಮ್ಮ ಸಂಜೆ ದೀಪ ಹಚ್ಚುವ ಮುಂಚೆ ಹಿತ್ತಿಲ ಬಾಗಿಲು ಹಾಕಿ ಮುಂಬಾಗಿಲು ಪೂರ್ತಿ ತೆಗೆಯುತ್ತಿದ್ದರು, ಲಕ್ಷ್ಮಿ ಬರುವ ಹೊತ್ತು ಎಂದು. ಟೌರಂಗಾಕ್ಕೆ ಬಂದ ಮೇಲೂ ಬಿಡಲಿಲ್ಲ. ಜುಲೈ ಚಳಿಯಲ್ಲಿ ಹೀಟರ್ ಉರಿಸಿಕೊಂಡು ಬಾಗಿಲು ತೆರೆದಿಟ್ಟು ಕೂತ ಅವರನ್ನು ನೀನೇ ಎಷ್ಟು ರೇಗಿಸುತ್ತಿದ್ದೆ. ದೇವರ ಮುಂದೆ ಕೂತು ಗಂಟೆ ಬಾರಿಸುವುದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದ ಅಪ್ಪ ಈಗ ಒಂದು ಸಂಜೆಯೂ ತಪ್ಪಿಸುವುದಿಲ್ಲ. ಈ ಜುಲೈನಲ್ಲಿ ಮನೆಗೆ ಕಳ್ಳ ಬಂದದ್ದು ಆ ಹೊತ್ತಿನಲ್ಲೇ. ಅದಾದ ವಾರಕ್ಕೆ ನೀನು ಬಾಗಿಲಿಗೆ ಚೈನು ಹಾಕಿಸಿದೆ. ಅವರು ಅದನ್ನು ಒಂದು ದಿನವೂ ಹಾಕಿಲ್ಲ. ಒತ್ತಿದರೆ ಸಹಾಯಕ್ಕೆ ಬರುವ ಗುಂಡಿಯನ್ನು ನಾನು ಕೊರಳಿಗೆ ಕಟ್ಟಿಸಿದೆ, ಅದು ಅಕ್ಕಿ ಡಬ್ಬದಲ್ಲಿದೆ. ಬಾಗಿಲು ಹಾಕಿಕೊಂಡು ದೀಪ ಹಚ್ಚಿ ಅಪ್ಪ, ಏನಾಗುತ್ತದೆ ಎಂದು ಕೇಳಿದೆ. “ನಿಮ್ಮಮ್ಮ ನಲವತ್ತಾರು ವರ್ಷ ತೆಗೆದಿಟ್ಟ ಬಾಗಿಲು ಕಣೇ ಅದು. ನಾನು ಹಾಕ್ಕೊಂಡು ಕೂತ್ಕೊಂಡ್ರೆ ಅವಳು ಎಲ್ಲಿ ನಿಂತ್ಕೋಬೇಕು?” ಅಂದರು. ಬಾಗಿಲು ಹಾಕಲಾರರು, ಹೆದರಿಕೆಯೂ ತಡೆಯಲಾರರು. ಅದಕ್ಕೆ ರಿವಾಲ್ವರ್ ಆರಿಸಿಕೊಂಡಿದ್ದಾರೆ.

ಹೆದರಿಕೆ ನಿಜವಾದದ್ದು, ಲೋಹಿತ್. ಕಳ್ಳನ ಕಥೆಯನ್ನು ಅವರು ಹೇಳುವಾಗ ನಾವಿಬ್ಬರೂ ನಕ್ಕಿದ್ದೇವೆ. ಮೊದಲ ಸಲ ಹೇಳಿದಾಗ ಕಳ್ಳ ಅವರ ಭುಜದಷ್ಟಿದ್ದ. ಪಕ್ಕದ ಮನೆಯ ಭಾನುಮತಿ ಆಂಟಿಗೆ ಹೇಳುವ ಹೊತ್ತಿಗೆ ಅಪ್ಪನಷ್ಟೇ ಎತ್ತರವಾದ. ದೀಪಾವಳಿಗೆ ಸೇರಿದ ಕನ್ನಡದವರ ಮುಂದೆ ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತಿತ್ತು. ತಲೆಗೆ ಟೋಪಿ ಎಳೆದ ಕಪ್ಪು ಹೂಡಿ, ಮುಖ ಕಾಣಲಿಲ್ಲ, ಯಾರು ಅಂದರೆ ಇಂಗ್ಲಿಷಿನಲ್ಲಿ ಏನೋ ಗೊಣಗಿದ, ಊರುಗೋಲಿನಲ್ಲಿ ಒಂದೇ ಏಟು ಬಿಟ್ಟೆ, ಓಡಿಹೋದ, ಅಂದರು. ಎಲ್ಲರೂ ಭಲೇ ಎಂದರು. ಆದರೆ ಕಥೆ ಮುಗಿದ ಮೇಲೆ ಅವರು ಎದ್ದು ಹೋಗಿ ಹಿತ್ತಿಲ ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ಪರೀಕ್ಷಿಸುವುದನ್ನು ನಾನು ನೋಡಿದ್ದೇನೆ. ಪೊಲೀಸರಿಗೆ ಹೇಳೋಣ ಎಂದು ನೀನು ಹಟ ಹಿಡಿದಾಗ, ಏನೂ ಹೋಗಿಲ್ಲವಲ್ಲ ಬಿಡು ಎಂದವಳು ನಾನು.

ಅವರ ಎಡಗಣ್ಣಿನ ಪೊರೆಗೆ ಇನ್ನೂ ಆಪರೇಷನ್ ಆಗಿಲ್ಲ. ಸಂಜೆ ಹೊರಗಿನ ಬೆಳಕಿಗೆ ಬೆನ್ನು ಮಾಡಿ ನಿಂತವರು ಅವರಿಗೆ ಬರೀ ನೆರಳಾಗಿ ಕಾಣುತ್ತಾರೆ. ರಜೆಯಲ್ಲಿ ನಾನು ಬಟ್ಟೆ ಒಣಹಾಕಿ ಮುಂಬಾಗಿಲಲ್ಲಿ ಒಳಗೆ ಬಂದರೆ ಕೂತಲ್ಲಿಂದಲೇ ಊರುಗೋಲು ಎತ್ತಿದರು. ಅಪ್ಪ ನಾನು, ಯಾಮಿನಿ, ಎಂದು ಎರಡು ಸಲ ಹೇಳಬೇಕಾಯಿತು. ಬೋರ್ಡಿನ ಮೇಲೆ ಹತ್ತರಲ್ಲಿ ಏಳು ಗುಂಡು ನಡುವಿಗೇ ಹೊಡೆಯುತ್ತಾರೆ ಎಂದು ನೀನು ಹೆಮ್ಮೆಯಿಂದ ಹೇಳಿದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಕ್ಲಬ್ಬಿನಲ್ಲಿ ದೀಪಗಳಿವೆ, ಪಕ್ಕದಲ್ಲಿ ನೀನಿದ್ದೀಯ, ಎದುರಿಗೆ ಇರುವುದು ಕಾಗದ.

ಗುರುವಾರ ನಾನು ನಿಜ ಹೇಳುತ್ತೇನೆ. ಹೇಳಿದರೆ ಅಪ್ಪನಿಗೆ ಪರವಾನಗಿ ಸಿಗುವುದಿಲ್ಲ, ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಹೊರಗಿನವರು ಬಂದು ಇವರು ಒಂಟಿಯಾಗಿರಬಹುದೇ, ಕಾರು ಓಡಿಸಬಹುದೇ ಎಂದು ಕೇಳಲು ಶುರು ಮಾಡಿದರೆ, ಅದಕ್ಕೆ ದಾರಿ ಮಾಡಿಕೊಟ್ಟವಳು ಮಗಳು ಎಂದಾಗುತ್ತದೆ. ಅವರು ನನ್ನ ಮುಖ ನೋಡುವುದಿಲ್ಲ ಅಂದರೂ ಅನ್ನಬಹುದು. ಅಮ್ಮ ಇಲ್ಲ, ನೀನೂ ಇಲ್ಲ, ನನಗೆ ಉಳಿದಿರುವವರು ಅವರೊಬ್ಬರು. ಇದನ್ನು ಬರೆಯುವಾಗ ಅಳು ಬರುತ್ತಿದೆ. ಬರಲಿ.

ಆದ್ದರಿಂದ ಕೇಳುತ್ತೇನೆ. ಈ ಶನಿವಾರ ಅವರನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗಬೇಡ. ಕ್ಲಬ್ಬಿನಿಂದ ಅವರ ಪರವಾಗಿ ಕೊಡಬೇಕಾದ ಪತ್ರವನ್ನು ತಡೆ. ಗುರುವಾರಕ್ಕೆ ಮೊದಲು ನೀನೇ ಹೋಗಿ ಅರ್ಜಿ ವಾಪಸು ತೆಗೆಸು. ನಾನು ಬೇಡ ಎಂದರೆ ಅಡ್ಡಗಾಲು, ನೀನು ಹೇಳಿದರೆ ವಿಚಾರ, ಹಾಗೆ ಅವರ ಲೆಕ್ಕ. ಸಂಜೆ ದೀಪದ ಹೊತ್ತಿಗೆ ಹೋಗು, ಬಾಗಿಲು ತೆರೆದೇ ಇರಲಿ, ಅವರ ಪಕ್ಕದಲ್ಲಿ ಕೂತುಕೋ. ವಾರಕ್ಕೆ ಎರಡು ಸಂಜೆ ನೀನು ಕೂರುವುದಾದರೆ ಉಳಿದ ಸಂಜೆಗಳಿಗೆ ಭಾನುಮತಿ ಆಂಟಿಯನ್ನೂ ಇನ್ನೊಬ್ಬರನ್ನೂ ನಾನು ಕೇಳಿಕೊಳ್ಳುತ್ತೇನೆ. ಬೇಸಿಗೆ ರಜೆ ಪೂರ್ತಿ ನಾನೇ ಬಂದಿರುತ್ತೇನೆ. ಬಾಗಿಲು ಹಾಕಿ ಎಂದು ಮಾತ್ರ ಇನ್ನೊಮ್ಮೆ ಹೇಳುವುದು ಬೇಡ.

ನಿನ್ನಿಂದ ಏನನ್ನೂ ಕೇಳುವುದಿಲ್ಲ ಎಂದು ಮೂರು ವರ್ಷದ ಹಿಂದೆ ಜಂಬದಿಂದ ಹೇಳಿ ಹೊರಟವಳು ನಾನು. ಈಗ ಕೇಳುತ್ತಿದ್ದೇನೆ.

ಇತಿ,
ಇನ್ನೂ ನಿನ್ನ ಮಾವನ ಮಗಳೇ ಆಗಿರುವ,
ಯಾಮಿನಿ

ಮರೆತದ್ದು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಲಕೋಟೆ ಅಂಟಿಸಿಬಿಟ್ಟಿದ್ದೆ. ಈಗ ಹರಿದು ಇದನ್ನು ಸೇರಿಸುತ್ತಿದ್ದೇನೆ.

ಪೂರ್ವಿಯ ಮಣಿಕಟ್ಟು ಮುರಿದದ್ದು ನೆಟ್‌ಬಾಲಿನಲ್ಲಲ್ಲ. ಜುಲೈ ರಜೆಯಲ್ಲಿ ತಾತನಿಗೆ ಹೇಳದೆ ಹೋಗಿ ಖುಷಿಪಡಿಸೋಣ ಎಂದು ಅವಳು ಕುಣಿದಳು. ನಿನಗೂ ಹೇಳಲಿಲ್ಲ. ಏಳು ಗಂಟೆ ಕಾರು ಓಡಿಸಿಕೊಂಡು ಐದೂಕಾಲಿಗೆ ತಲುಪಿದೆವು. ಅವಳನ್ನು ಗೇಟಿನ ಹತ್ತಿರ ಇಳಿಸಿ ನಾನು ಮೂಲೆಯ ಡೈರಿಗೆ ಹಾಲು ತರಲು ಹೋದೆ. ಬಾಗಿಲು ತೆರೆದಿತ್ತು. ಅವಳು ಕಪ್ಪು ಹೂಡಿಯ ಟೋಪಿಯನ್ನು ತಲೆಗೆ ಹಾಕಿಕೊಂಡೇ ಒಳಗೆ ಹೋದಳು. ಅಪ್ಪ “ಯಾರು? ಯಾರದು?” ಎಂದರು. ಅವಳು ಯಾವಾಗಲೂ ಉತ್ತರ ಕೊಡುವ ಹಾಗೆ ಇಂಗ್ಲಿಷಿನಲ್ಲಿ ಇಟ್ಸ್ ಮಿ ಅಂದಳು.

ನಿನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಕ್ಲಿನಿಕ್ಕಿನಲ್ಲಿ ಅವಳ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದೆ, ನಿನಗೆ ಫೋನ್ ಮಾಡಲಿಲ್ಲ. ನನಗೆ ಮಗಳನ್ನು ನೋಡಿಕೊಳ್ಳಲು ಬರುವುದಿಲ್ಲ ಎಂದು ಅವಳನ್ನು ನನ್ನಿಂದ ಕಿತ್ತುಕೊಳ್ಳುತ್ತೀಯ ಎಂದು ಹೆದರಿದೆ. ಅವಳನ್ನು ಮೋಟೆಲಿನಲ್ಲಿ ಮಲಗಿಸಿ ಮಾರನೆ ದಿನ ಒಬ್ಬಳೇ ಹೋದರೆ ಅಪ್ಪ ಕಳ್ಳನನ್ನು ಓಡಿಸಿದ ಕಥೆ ಹೇಳಿದರು. ಡೋಂಟ್ ಟೆಲ್ ತಾತ ಇಟ್ ವಾಸ್ ಮಿ ಎಂದು ಪೂರ್ವಿ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಹೇಳಲಿಲ್ಲ. ಅಪ್ಪ ಹೆದರಿಕೊಂಡಿರುವುದು ಅವಳಿಗೆ, ಅವಳಿಗೋಸ್ಕರ ರಿವಾಲ್ವರ್ ಅಳತೆ ಮಾಡಿಟ್ಟಿದ್ದಾರೆ. ಆ ಕಳ್ಳ ಅವಳೇ ಎಂದು ನನಗೆ ನಾಲ್ಕು ತಿಂಗಳಿಂದ ಗೊತ್ತು.

ಈಗಷ್ಟೇ ಈಜಿ ಬಂದಳು, ಕೂದಲು ಇನ್ನೂ ಒದ್ದೆ. ನಿನ್ನೆ ಅಪ್ಪನ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಾಳೆ. ಬಾಗಿಲಲ್ಲಿ ನಿಂತು, ಇಷ್ಟು ದಿನವಾದ ಮೇಲೆ, ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು: “ಅಮ್ಮ, ಸಮ್ಮರ್‌ನಲ್ಲಿ ತಾತನ ಮನೆಗೆ ಹೋದಾಗ, ‘ತಾತ, ನಾನು ಪೂರ್ವಿ’ ಅಂತ ಎಷ್ಟು ದೂರದಿಂದ ಕೂಗ್ಬೇಕು?”

ನನಗೆ ಗೊತ್ತಿಲ್ಲ, ಲೋಹಿತ್. ಆ ಪಿಸ್ತೂಲುಗಳ ಪಟ್ಟಿ ಬರೆದವನು ನೀನು. ನೀನೇ ಹೇಳು.