ಷರೀಫನಿಗೆ ಬೇಡಿ ಹಾಕುವವನು

ಹೆಮ್ಲಾಕ್ ಕೌಂಟಿ, ಕೆಂಟಕಿ
9 ನವೆಂಬರ್ 1926

ನನ್ನ ಮುದ್ದಿನ ಓರ್ಲೀನಾ,

ಚಿಕ್ಕಮ್ಮನ ಮನೆಯಲ್ಲಿ ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಇಲ್ಲಿ ನಿನ್ನ ಸೋದರಮಾವನ ಹೆಸರು ಬೆಟ್ಟದಾಚೆಗೂ ಹಬ್ಬಿದೆ. ಹೆಣ ನೋಡುವ ಮುದುಕ ಎಂದು ನಗುತ್ತಿದ್ದವರೆಲ್ಲ ಈಗ ಟೋಪಿ ತೆಗೆಯುತ್ತಾರೆ. ಯಾಕೆಂದರೆ ನಿನ್ನ ಅಣ್ಣ ಕ್ಲೀವ್‌ನನ್ನು, ಈ ಕೌಂಟಿಯ ಷರೀಫನನ್ನು, ಎತ್ತಿ ಆಡಿಸಿದ ಕೈಯಿಂದಲೇ ಹಿಡಿದು ಅವನದೇ ಜೈಲಿಗೆ ಹಾಕಿದ್ದೇನೆ.

ಮುಷ್ಕರದಲ್ಲಿ ಅವನು ಹಿಡಿದು ತಂದ ಗಣಿಗಾರ ಡಿಲ್ಲರ್ಡ್ ಜೈಲಿನಲ್ಲಿ ಸತ್ತ. "ನೇಣು ಹಾಕ್ಕೊಂಡ. ಹಾಗಂತ ಬರೀರಿ ಮಾವ," ಎಂದ ಕ್ಲೀವ್. ಕರೋನರ್ ಆದವನು ಹೆಣ ನೋಡದೆ ಸಾವಿನ ಕಾರಣ ಬರೆಯುವುದುಂಟೇ? ಕುತ್ತಿಗೆಯ ಮೇಲೆ ಒಂದು ಗೀರೂ ಇರಲಿಲ್ಲ.

"ನೇಣು ಹಾಕ್ಕೊಂಡೋನ ಪಕ್ಕೆಲುಬು ಯಾಕೋ ಮುರೀತದೆ?" ಎಂದೆ.

"ನಿಮ್ಮ ಕಣ್ಣು ಮಂಜಾಗಿದೆ, ಮನೆಗೆ ಹೋಗಿ. ಈ ಕೌಂಟೀಲಿ ನನ್ನ ಹಿಡಿಯೋ ಗಂಡಸು ಯಾರಿದಾನೆ?" ಎಂದು ನಕ್ಕ.

ಪಾಪ, ಅವನಿಗೆ ತಿಳಿದಿರಲಿಲ್ಲ. ನನ್ನದು ಹಳ್ಳಿ ಶಾಲೆಯ ಓದಾದರೂ ಇಷ್ಟು ಗೊತ್ತು: ತೆರಿಗೆ ಎತ್ತಲು, ಕಳ್ಳರನ್ನು ಹಿಡಿಯಲು ಇಂಗ್ಲೆಂಡಿನ ರಾಜರು ಷರೀಫರನ್ನು ನೇಮಿಸಿದರು. ಅವರೇ ದೋಚತೊಡಗಿದಾಗ ಕಾವಲಿಗೆ ಕರೋನರರನ್ನು ಇಟ್ಟರು. ನಮ್ಮ ಹಿರಿಯರು ಇಬ್ಬರನ್ನೂ ಗಂಟುಕಟ್ಟಿಕೊಂಡು ಸಮುದ್ರ ದಾಟಿದರು; ಇಲ್ಲಿ ಓಟು ಹಾಕಿ ಆರಿಸುತ್ತೇವೆ, ಅಷ್ಟೇ. ಊರಿಗೆಲ್ಲ ಬೇಡಿ ಹಾಕುವವನು ಷರೀಫ. ಅವನಿಗೆ ಬೇಡಿ ಹಾಕುವ ಹಕ್ಕು ಕರೋನರನದು.

ಆದರೆ ಕ್ಲೀವ್‌ನ ಸಹಾಯಕರು ಬಾಯಿ ಬಿಡುತ್ತಿಲ್ಲ. ಕಣ್ಣಾರೆ ಕಂಡವರು ಸಿಗದಿದ್ದರೆ ಸೋಮವಾರ ನ್ಯಾಯಾಧೀಶರು ಅವನನ್ನು ಬಿಟ್ಟುಬಿಡುತ್ತಾರೆ. ಷರೀಫನ ಬಿಲ್ಲೆ ಮತ್ತೆ ಅವನ ಎದೆಗೇರುತ್ತದೆ. ಮುಷ್ಕರ ಇನ್ನೂ ಮುಗಿದಿಲ್ಲ, ಜೈಲಿನಲ್ಲಿ ಇನ್ನೂ ಜನರಿದ್ದಾರೆ. ನೀನು ಡಿಲ್ಲರ್ಡ್ ಸಾಯುವ ಹಿಂದಿನ ದಿನವೇ ಊರು ಬಿಟ್ಟೆ ಎಂದು ಬರೆದಿದ್ದೀಯ. ಹಾಗಾಗಿ ನಿನ್ನನ್ನು ಕೇಳಿ ಫಲವಿಲ್ಲ. ಚಳಿ ಜೋರಾಗಿದೆ, ಬೆಚ್ಚಗಿರು.

ಊರಿಗೆ ಕರೋನರನಾದರೂ ನಿನಗೆ ಬರೀ ಸೋದರಮಾವ,
ಹೈರಮ್

ಬಿಟ್ಟುಹೋದ ಮಾತು: ಡಿಲ್ಲರ್ಡನ ಹೆಣದ ಪಕ್ಕ ತಟ್ಟೆಯೊಂದಿತ್ತು. ಅದರಲ್ಲಿ ಒಣಸೇಬಿನ ಕೇಕು, ಇನ್ನೂ ಬೆಚ್ಚಗಿತ್ತು. ಕೈದಿಗಳ ಊಟ ಷರೀಫನ ಹೆಂಡತಿಯ ಕೆಲಸ; ಅಣ್ಣನಿಗೆ ಮದುವೆಯಾಗಿಲ್ಲದ್ದರಿಂದ ಅಡುಗೆ, ಬಡಿಸುವುದು ಎಲ್ಲ ನಿನ್ನದೇ. ತಟ್ಟೆಯನ್ನು ಎತ್ತಿಟ್ಟಿದ್ದೇನೆ, ಯಾರಿಗೂ ಹೇಳಿಲ್ಲ. ಡಿಲ್ಲರ್ಡನ ತಾಯಿ ದಿನವೂ ಜೈಲಿನ ನಿನ್ನ ಅಡುಗೆಮನೆ ಬಾಗಿಲಿಗೆ ಬಂದು, "ನನ್ನ ಮಗ ಏನಾದ್ರೂ ತಿಂದಿದ್ನೇನಪ್ಪಾ?" ಎಂದು ಈಗ ಜೈಲು ಕಾಯುವ ನನ್ನನ್ನು ಕೇಳುತ್ತಾಳೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಶನಿವಾರ ರೈಲು ನಿಲ್ದಾಣದಲ್ಲಿ ಬಂಡಿ ನಿಲ್ಲಿಸಿಕೊಂಡು ಕಾಯುತ್ತಿರುತ್ತೇನೆ.