ಬಾಯಲ್ಲಿ ಗುಂಡುಸೂಜಿ ಇದ್ದಾಗ

ತಾ. 17, ಭಾನುವಾರ

ಪ್ರೀತಿಯ ತಂಗಿ ಗುಬ್ಬಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ನೂಲಿನ ಉಂಡೆಗಳ ಜೊತೆ ಇಟ್ಟುಕೊಂಡು ದಿನಾ ನೋಡುತ್ತಿದ್ದೆ, ಉತ್ತರ ಮಾತ್ರ ಬರೆಯಲಿಲ್ಲ. ಅಕ್ಕನಿಗೆ ಸೊಕ್ಕು ಬಂತು ಅಂದುಕೊಂಡಿರುತ್ತೀ. ಬೈಕೋ, ಆದರೆ ಪೂರ್ತಿ ಓದಿದ ಮೇಲೆ ಬೈಕೋ. ನಿನ್ನ ದೊಡ್ಡವಳಿಗೆ ಕೆಲಸ ಸಿಕ್ಕಿತೆಂದು ಓದಿ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಅವಳ ಅಳತೆ ಕಳಿಸು, ಒಂದು ಒಳ್ಳೆಯ ಕೋಟು ಹೊಲಿದು ಕೊಡುತ್ತೇನೆ. ಹಳೇ ಅಳತೆ ಬೇಡ, ಆ ವಯಸ್ಸಿನ ಹುಡುಗಿಯರು ಒಂದೇ ಅಳತೆಯಲ್ಲಿ ನಿಲ್ಲುವವರಲ್ಲ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ‘ಅಕ್ಕಾ, ರೇಡಿಯೋದಲ್ಲಿ ನಿನ್ನ ದನಿ ಕೇಳಿದೆ! ಭಾವನ ಮಂಡಿ ಗುಣ ಆಯ್ತಂತಲ್ಲ, ಆ ಗಿಡಮೂಲಿಕೆ ಪುಡಿಯವರ ಫೋನ್ ನಂಬರು ಕಳಿಸು, ನನ್ನ ಸೊಂಟಕ್ಕೂ ತರಿಸ್ತೀನಿ’ ಅಂತ ಬರೆದಿದ್ದೀ. ನಂಬರು ಕಳಿಸುವುದಿಲ್ಲ ಕಣೇ. ಅಲ್ಲಿ ಇಲ್ಲಿ ವಿಚಾರಿಸಿ ನೀನೇ ಪತ್ತೆ ಮಾಡಿಬಿಟ್ಟೀಯಾ, ಜೋಕೆ.

ನಿನ್ನ ಭಾವ ಬದುಕೆಲ್ಲ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದವರು. ನಿವೃತ್ತಿಯಾದ ಮೇಲೆ ಮಂಡಿ ಮುಷ್ಕರ ಹೂಡಿತು. ನಮ್ಮ ಮನೆ ಅಂಗಡಿಯ ಮೇಲೆ, ಮಧ್ಯೆ ಕಡಿದಾದ ಮೆಟ್ಟಿಲು. ಕೋಲು ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುವಾಗ ನಾನು ಮಷೀನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದೆ. ಆಗ ರೇಡಿಯೋದಲ್ಲಿ ಬಂತು ಈ ಜಾಹೀರಾತು. ಮೊದಲ ಡಬ್ಬ ಪುಕ್ಕಟೆ, ಅಂಚೆ ಖರ್ಚು ಮಾತ್ರ ಕೊಡಿ ಅಂತ. ಮಾಡಿದೆ ಫೋನು.

ಮಾಡಿದ್ದಾದರೂ ಎಂಥ ಹೊತ್ತಿನಲ್ಲಿ! ಸ್ಟೂಲಿನ ಮೇಲೆ ಹಾಡುಗಾರ್ತಿಯೊಬ್ಬಳು ಹೊಸ ಲಂಗ ಉಟ್ಟು ನಿಂತಿದ್ದಾಳೆ, ನಾನು ಮಂಡಿಯೂರಿ ಅದರ ಅಂಚು ಮಡಿಸುತ್ತಿದ್ದೇನೆ, ತುಟಿಯ ನಡುವೆ ಗುಂಡುಸೂಜಿಗಳ ಸಾಲು. ನಿನಗೆ ಗೊತ್ತಲ್ಲ, ನಾವು ಹೊಲಿಗೆಯವರು ಆ ಹೊತ್ತಿನಲ್ಲಿ ಮಾತಾಡುವವರಲ್ಲ. ಗಿರಾಕಿ ತನ್ನ ಅತ್ತೆಯ ಕಥೆ ಹೇಳಲಿ, ನಾದಿನಿಯ ಕಥೆ ಹೇಳಲಿ, ಎಲ್ಲದಕ್ಕೂ ‘ಹ್ಞೂಂ’. ಬಾಯಿ ಬಿಟ್ಟರೆ ಸೂಜಿ ಹೊಟ್ಟೆಗೆ. ಫೋನಿನಲ್ಲಿ ಸಕ್ಕರೆ ದನಿಯವಳೊಬ್ಬಳು ಏನೇನೋ ನಿಯಮಗಳನ್ನು ಉಸಿರು ಬಿಡದೆ ಓದಿದಳು. ಪ್ರತಿ ಸಲ ‘ಸರಿನಾ ಮೇಡಂ?’ ಅನ್ನುವಳು, ನಾನು ‘ಹ್ಞೂಂ’ ಅನ್ನುವೆ. ನಿನ್ನ ಭಾವ ಪಕ್ಕದಲ್ಲಿ ನಿಂತು, ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಿದ ಹಾಗೆ, ನನ್ನ ಕಾರ್ಡಿನ ನಂಬರನ್ನು ಜೋರಾಗಿ ಓದಿದರು. ಹಾಡುಗಾರ್ತಿ ನಕ್ಕಳು. ನಾವೂ ನಕ್ಕೆವು. ಈಗ ನಗು ಬರುವುದಿಲ್ಲ.

ಡಬ್ಬ ಬಂತು. ಹಸಿರು ಮುಚ್ಚಳ, ಒಣಹುಲ್ಲಿನ ವಾಸನೆ. ಅದು ಮುಗಿಯುವ ಹೊತ್ತಿಗೆ ನಿನ್ನ ಭಾವ ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ, ನನ್ನ ಊಟದ ಡಬ್ಬಿ ಹಿಡಿದು ಸರಸರ ಕೆಳಗಿಳಿದು ಬಂದರು! ‘ನೋಡೇ, ಕಂಡಕ್ಟರು ಮತ್ತೆ ಡ್ಯೂಟಿಗೆ ಬಂದ’ ಅಂದರು. ನಾನು ಮಷೀನು ಬಿಟ್ಟೆದ್ದು ಚಪ್ಪಾಳೆ ತಟ್ಟಿದೆ. ಬೀದಿಯವರೆಲ್ಲ ಇಣುಕಿದರು.

ಆಮೇಲೆ ಶುರುವಾಯಿತು. ಮುಂದಿನ ತಿಂಗಳು ಇನ್ನೊಂದು ಡಬ್ಬ. ಪುಕ್ಕಟೆಯಲ್ಲ, ನನ್ನ ಖಾತೆಯಿಂದ ದುಡ್ಡು ತಾನಾಗಿಯೇ ಹೋಗಿತ್ತು. ಅದರ ಮುಂದಿನ ತಿಂಗಳು ಮತ್ತೊಂದು. ನಾನು ಒಡೆಯದೆ ಹಾಗೇ ಶೆಲ್ಫಿನ ಮೇಲಿಟ್ಟೆ. ನಮ್ಮ ಕಸುಬಿನಲ್ಲಿ ಕತ್ತರಿ ಮುಟ್ಟದ ಬಟ್ಟೆ ಯಾವತ್ತಿದ್ದರೂ ಅದನ್ನು ತಂದವರದ್ದೇ ಅಲ್ಲವೇ? ಒಡೆಯದ ಡಬ್ಬವೂ ಹಾಗೇ, ಅವರೇ ಬಂದು ಒಯ್ಯುತ್ತಾರೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ಕೊನೆಗೆ ಫೋನು ಮಾಡಿದೆ. ಈ ಸಲ ಬಾಯಲ್ಲಿ ಸೂಜಿ ಇರಲಿಲ್ಲ.

‘ನೋಡಮ್ಮಾ, ನಿಮ್ಮ ಪುಡಿ ಒಳ್ಳೇದೇ. ನಮ್ಮನೆಯವರ ಮಂಡಿ ಗುಣ ಆಗಿದೆ, ಕೋಲು ಬಿಟ್ಟು ಮೆಟ್ಟಿಲು ಹತ್ತಿ ಇಳೀತಾರೆ. ಅದಕ್ಕೇ ಹೇಳೋದು, ಇನ್ನು ಕಳಿಸಬೇಡಿ’ ಅಂದೆ.

‘ತುಂಬಾ ಸಂತೋಷ ಮೇಡಂ. ಆದರೆ ತಾವು ಒಂದು ವರ್ಷಕ್ಕೆ ಒಪ್ಪಿಕೊಂಡಿದ್ದೀರಿ.’

‘ಯಾವಾಗ ಒಪ್ಪಿದೆ?’

ಅವಳು ಹಳೆಯ ಕರೆಯನ್ನು ಹಾಕಿ ಕೇಳಿಸಿದಳು. ಅವಳ ಓದು, ನನ್ನ ಹ್ಞೂಂ. ಅವಳ ಓದು, ನನ್ನ ಹ್ಞೂಂ. ಹಿಂದೆ ಹಾಡುಗಾರ್ತಿಯ ಕಿಸಿಕಿಸಿ ನಗು.

‘ಅಮ್ಮಾ ತಾಯೀ, ಅದು ಒಪ್ಪಿಗೆ ಅಲ್ಲ, ಬಾಯಲ್ಲಿ ಗುಂಡುಸೂಜಿ ಇತ್ತು!’

‘ಅದು ನಮಗೆ ಗೊತ್ತಾಗಲ್ಲ ಮೇಡಂ. ಶುಭದಿನ.’

ಶುಭದಿನವಂತೆ! ಗುಬ್ಬೀ, ಮದುವೆಯ ಬಟ್ಟೆ ತಂದವರನ್ನೂ ನಾನು ಕತ್ತರಿ ಇಡುವ ಮುಂಚೆ ಮುಖ ನೋಡಿ ಕೇಳುತ್ತೇನೆ, ‘ಕತ್ತರಿಸಲಾ?’ ಅಂತ. ಅವರು ಬಾಯಿಬಿಟ್ಟು ‘ಕತ್ತರಿಸಿ’ ಅನ್ನುವ ತನಕ ಕೈ ಮುಂದೆ ಹೋಗುವುದಿಲ್ಲ. ಒಂದು ಗಜ ಬಟ್ಟೆಗೆ ನಾವು ಕೊಡುವ ಮರ್ಯಾದೆಯನ್ನು ಮನುಷ್ಯರಿಗೆ ಕೊಡಲು ಇವರಿಗೇನು ದಾಡಿ?

ಬ್ಯಾಂಕಿಗೆ ಹೋದೆ. ಕನ್ನಡಕದ ಹುಡುಗಿ, ‘ಆಂಟಿ, ಕಾರ್ಡ್ ನಂಬರ್ ನೀವೇ ಕೊಟ್ಟಿದ್ದೀರಲ್ಲ, ಹೋದ ದುಡ್ಡು ವಾಪಸ್ ಬರೋದು ಕಷ್ಟ’ ಅಂದಳು. ಪುಣ್ಯಕ್ಕೆ ಹಳೇ ಕಾರ್ಡು ನಿಲ್ಲಿಸಿ ಹೊಸದು ಮಾಡಿಸಿಕೊಟ್ಟಳು. ಸೋರುವ ನಲ್ಲಿ ನಿಂತಿತು, ಚೆಲ್ಲಿದ ನೀರು ಚೆಲ್ಲಿತು. ಈಗ ‘ಬಾಕಿ ಕಟ್ಟಿ’ ಅಂತ ಅವರಿಂದ ಕಾಗದಗಳು ಬರುತ್ತಿವೆ. ಕಟ್ಟುತ್ತೇನೆ ಇರಿ, ಅವರ ಹಸಿರು ಮುಚ್ಚಳವನ್ನೇ ಪೋಣಿಸಿ ಅವರ ಕೊರಳಿಗೆ ಕಟ್ಟುತ್ತೇನೆ!

ಅಷ್ಟರಲ್ಲಿ ಒಂದು ಮಧ್ಯಾಹ್ನ ಅಂಗಡಿಯ ರೇಡಿಯೋದಲ್ಲಿ ನನ್ನ ದನಿಯೇ ಬಂತು. ‘ನಿಮ್ಮ ಪುಡಿ ಒಳ್ಳೇದೇ. ನಮ್ಮನೆಯವರ ಮಂಡಿ ಗುಣ ಆಗಿದೆ, ಕೋಲು ಬಿಟ್ಟು ಮೆಟ್ಟಿಲು ಹತ್ತಿ ಇಳೀತಾರೆ.’ ಅಲ್ಲಿಗೆ ನಿಂತಿತು, ಹಿಂದೆಯೇ ಕೊಳಲು. ‘ಇನ್ನು ಕಳಿಸಬೇಡಿ’ ಅಂದದ್ದು ಎಲ್ಲಿ? ಕಳ್ಳರು ನನ್ನ ಮಾತಿಗೇ ಕತ್ತರಿ ಹಾಕಿ ತಮಗೆ ಬೇಕಾದ ಅಂಗಿ ಹೊಲಿದುಕೊಂಡಿದ್ದರು. ನೀನು ಕೇಳಿದ್ದು ಅದನ್ನೇ. ನನ್ನ ದನಿ ನಂಬಿ ಇನ್ನೆಷ್ಟು ಜನ ಕಾರ್ಡಿನ ನಂಬರು ಓದಿದರೋ! ಎದುರು ಬೀದಿಯ ಇಸ್ತ್ರಿಯವಳು ಈಗಾಗಲೇ ಓದಿದ್ದಾಳೆ. ಅವಳನ್ನೂ ಕರೆದುಕೊಂಡು ಹೋಗಿ ಗ್ರಾಹಕರ ಕಚೇರಿಯಲ್ಲಿ ದೂರು ಕೊಟ್ಟು ಬಂದಿದ್ದೇನೆ. ಬಿಡುವವಳಲ್ಲ ನಾನು.

ನೀನು ಸೊಂಟವನ್ನು ಒಳ್ಳೆಯ ಡಾಕ್ಟರಿಗೆ ತೋರಿಸು. ಬಾಗಿ ನೆಲ ಒರೆಸುವುದನ್ನು ಮಕ್ಕಳಿಗೆ ಬಿಡು, ಅವಕ್ಕೂ ಬೆನ್ನು ಇದೆ. ನಿನ್ನ ಮನೆಯಲ್ಲಿ ನಗು ತುಂಬಿರಲಿ, ದೊಡ್ಡವಳು ಹಿಡಿದ ಕೆಲಸವೆಲ್ಲ ಕೈಹತ್ತಲಿ, ಚಿಕ್ಕವನ ತುಂಟತನ ಅರ್ಧಕ್ಕರ್ಧ ಕಮ್ಮಿಯಾಗಲಿ. ನಿಮಗೆಲ್ಲ ಈ ಅಕ್ಕನ ಹರಕೆ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ರೇಡಿಯೋದಲ್ಲಿ ನನ್ನ ದನಿ ಬಂದಾಗ ನಿನ್ನ ಭಾವ ಊಟದ ಡಬ್ಬಿ ತಂದು ಅಲ್ಲೇ ಕೂತಿದ್ದರು. ‘ನನ್ನ ಮಾತು ಕದ್ದಿದ್ದಾರೆ ರೀ, ಮಾತೇನೋ ನಿಜ, ಆದರೆ ಕದಿಯೋದಾ?’ ಅಂತ ನಾನು ಕೂಗಾಡುತ್ತಿದ್ದೆ. ಅವರು ರೇಡಿಯೋ ಆರಿಸಿದರು. ‘ಮಾತೂ ನಿಜ ಅಲ್ಲ ಕಣೇ’ ಅಂದರು. ಪುಡಿಯಿಂದ ಒಂದು ದಿನವೂ ನೋವು ಕಮ್ಮಿ ಆಗಿರಲಿಲ್ಲವಂತೆ. ‘ನೀನು ಅಷ್ಟು ಆಸೆಯಿಂದ ತರಿಸಿದ್ದೆ. ಒಂದು ದಿನ ಹಲ್ಲು ಕಚ್ಚಿ ಇಳಿದೆ. ನೀನು ಚಪ್ಪಾಳೆ ತಟ್ಟಿಬಿಟ್ಟೆ. ಆಮೇಲೆ ಹೇಗೆ ಕೋಲು ಹಿಡೀಲಿ?’

ಅಷ್ಟೂ ದಿನ ಆ ಮೆಟ್ಟಿಲನ್ನು ಹಲ್ಲು ಕಚ್ಚಿಕೊಂಡೇ ಇಳಿದಿದ್ದಾರೆ. ಮಂಡಿ ಸವೆದು ಹೋಗಿದೆ, ಇನ್ನು ಮೆಟ್ಟಿಲು ಬೇಡವೇ ಬೇಡ ಅಂದಿದ್ದಾರೆ ಡಾಕ್ಟರು. ಈಗ ಅವರು ಮೇಲೆ, ನಾನು ಕೆಳಗೆ. ಹೋದ ದುಡ್ಡಿಗೆ ದೂರು ಬರೆದುಕೊಂಡರು, ಇದನ್ನು ಯಾವ ಕಚೇರಿಯಲ್ಲಿ ಬರೆಸಲಿ? ಇವತ್ತು ಬೆಳಿಗ್ಗೆ ‘ನೋವು ಹೇಗಿದೆ?’ ಅಂತ ಕೇಳಿದೆ. ‘ಎಷ್ಟೋ ಕಮ್ಮಿ ಕಣೇ’ ಅಂದರು, ನಕ್ಕರು. ಮೊದಲಾಗಿದ್ದರೆ ಅವರ ಮುಖ ನೋಡುತ್ತಿದ್ದೆ ಗುಬ್ಬೀ. ಈಗ ನನ್ನ ಕಣ್ಣು ನೇರ ಅವರ ಮಂಡಿಗೆ ಹೋಯಿತು. ಹಾಗೆ ಹೋದದ್ದನ್ನು ಅವರೂ ನೋಡಿದರು.