ಹಸಿರು ಗುಂಡಿ ಹನ್ನೊಂದು ಸಲ

ಮನೆಯಿಂದ,
ತಾರೀಖು ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಸೊಂಟನೋವು ಹೇಗಿದೆ? ನೀನು ಅಲ್ಲಿ ಸಂಬಳಕ್ಕೆ ನೋಡಿಕೊಳ್ಳುವ ಆ ಅಜ್ಜಿಯನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ನನ್ನ ಕಣ್ಣು ಪರವಾಗಿಲ್ಲ, ಸೂಜಿಗೆ ದಾರ ಪೋಣಿಸಲು ಮಾತ್ರ ಚಿಕ್ಕವನನ್ನು ಕರೆಯಬೇಕು. ಫೋನ್ ಬಿಟ್ಟು ಕಾಗದ ಯಾಕೆ ಎನ್ನುತ್ತೀಯ. ಫೋನ್ ಬಂದಾಗಲೆಲ್ಲ ನಿನ್ನ ದೊಡ್ಡವಳು ಪಕ್ಕದಲ್ಲೇ ನಿಂತಿರುತ್ತಾಳೆ, ಇದು ಅವಳದೇ ವಿಷಯ.

ಅಂಗಡಿಗೆ ಸೇರಿದ ಮೊದಲ ತಿಂಗಳು ನನಗೂ ಖುಷಿಯೇ ಆಗಿತ್ತು. ದಿನಾ ಶಾಲೆ ಮುಗಿಸಿ ನೇರ ಕೆಲಸಕ್ಕೆ ಹೋಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬರುತ್ತಿದ್ದಳು. ಮೊದಲ ಸಂಬಳದಲ್ಲಿ ನನಗೆ ಚಪ್ಪಲಿ ತಂದಳು, ಒಂದು ಸೈಜು ದೊಡ್ಡದು. ಅದನ್ನೇ ಪಟಪಟ ಬಡಿದುಕೊಂಡು ಓಡಾಡುತ್ತಿದ್ದೇನೆ. ಆದರೆ ಅವಳನ್ನು ನಿಲ್ಲಿಸಿರುವುದು ಜನ ಕೆಟ್ಟುಹೋದ ಸಾಮಾನು ವಾಪಸ್ ತರುವ ಕೌಂಟರಿನಲ್ಲಿ. ಇಡೀ ಸಂಜೆ ಬೈಗುಳ. ಬೈದವರು ಹೋಗುವಾಗ ಅಲ್ಲಿಟ್ಟಿರುವ ಯಂತ್ರದಲ್ಲಿ ಗುಂಡಿ ಒತ್ತಬೇಕು: ಹುಡುಗಿ ನಗುನಗುತ್ತಾ ಮಾತಾಡಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಹೆಚ್ಚಾದವರ ಫೋಟೋ ವಾರವಿಡೀ ಒಳಕೋಣೆಯ ಗೋಡೆಯ ಮೇಲೆ. ಹದಿನಾರು ವರ್ಷದ ಮಗು ಕಣೇ ಅದು!

ಈಗ ಬಚ್ಚಲಿನ ಕನ್ನಡಿ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡುತ್ತಾಳೆ. ನನಗೆ ಎದುರುತ್ತರ ಕೊಡದಿದ್ದರೆ ತುತ್ತು ಇಳಿಯದ ಹುಡುಗಿ, ಈಗ ನೀರು ಕೇಳಿದರೂ “ಕಾದಿದ್ದಕ್ಕೆ ಧನ್ಯವಾದ” ಎಂದು ಲೋಟ ಕೊಡುತ್ತಾಳೆ. ಮೊನ್ನೆ ಪೆನ್ಸಿಲ್ ಮುರಿದನೆಂದು ಚಿಕ್ಕವನ ಕೆನ್ನೆಗೆ ಬಾರಿಸಿದಳು. ಮರುಕ್ಷಣವೇ ಅಂಗಡಿಯ ದನಿಯಲ್ಲಿ “ತೊಂದರೆಗೆ ಕ್ಷಮಿಸಿ” ಎಂದಳು. ಏಟು ಬಿದ್ದಾಗ ಸುಮ್ಮನಿದ್ದ ಹುಡುಗ ಆ ದನಿ ಕೇಳಿ ಅತ್ತುಬಿಟ್ಟ. ಅಂಗಡಿಯವರು ಕೊಟ್ಟ ಕೋಟನ್ನು ಎರಡು ತಿಂಗಳಲ್ಲಿ ಎರಡು ಸಲ ಒಳಗೆ ಹಿಡಿದು ಹೊಲಿದುಕೊಟ್ಟಿದ್ದೇನೆ. ನಲವತ್ತು ವರ್ಷ ಟೇಪು ಹಿಡಿದ ದರ್ಜಿಗೆ ಮೊಮ್ಮಗಳು ಎಷ್ಟು ಇಳಿದಿದ್ದಾಳೆಂದು ಯಾರೂ ಹೇಳಬೇಕಿಲ್ಲ.

ಅದಕ್ಕೇ ನಾನೊಂದು ಮಹಾ ಬುದ್ಧಿವಂತಿಕೆ ಮಾಡಿದೆ. ಬೈಯಬೇಡ, ಪೂರ್ತಿ ಓದು. ಮಂಗಳವಾರ ಟೋಪಿ ಹಾಕಿಕೊಂಡು ಅಂಗಡಿಗೆ ಹೋದೆ. ಅವಳು ಗೋಡೌನಿಗೆ ಹೋದ ಹೊತ್ತು ನೋಡಿ ಹಸಿರು ಗುಂಡಿಯನ್ನು ಹನ್ನೊಂದು ಸಲ ಒತ್ತಿದೆ. ಯಂತ್ರ ಗಂಟೆ ನಿಮಿಷವನ್ನೂ ಬರೆದಿಟ್ಟುಕೊಳ್ಳುತ್ತದೆ ಎಂದು ನನಗೇನು ಗೊತ್ತು? ಇದು ಇವಳೇ ಮಾಡಿಸಿದ ಮೋಸ ಎಂದು ಮೇಲ್ವಿಚಾರಕಿ ಎಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಿದಳಂತೆ. ಕ್ಯಾಮೆರಾದಲ್ಲಿ ನನ್ನ ಟೋಪಿ ಕಂಡರೂ “ಯಾರೋ ಗೊತ್ತಿಲ್ಲ” ಎಂದಳಂತೆ ನಿನ್ನ ಮಗಳು. ಮನೆಗೆ ಬಂದು ಇದನ್ನೆಲ್ಲ ಹೇಳಿದವಳ ಕೈ ಹಿಡಿದು ತಪ್ಪಾಯಿತು ಕಂದ ಎಂದೆ. ಕೂಗಾಡುತ್ತಾಳೆ, ಬ್ಯಾಗು ಎಸೆಯುತ್ತಾಳೆ ಎಂದು ಕಾದೆ. ಹಲ್ಲು ಕಾಣುವಂತೆ ನಕ್ಕು, “ಪರವಾಗಿಲ್ಲ, ಇನ್ನೇನಾದ್ರೂ ಬೇಕಿತ್ತಾ?” ಎಂದಳು. ನನಗೆ ಭಯವಾಯಿತು, ಮಗಳೇ. ನಿನ್ನೆ ಹೋಗಿ ಮೇಲ್ವಿಚಾರಕಿಗೆ ನಿಜ ಹೇಳಿ ಬಂದೆ. ಆಕೆಯೂ ಹಾಗೇ ನಕ್ಕಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕವನು ಕಾಗದಕ್ಕೇ ಮುತ್ತು ಕೊಟ್ಟಿದ್ದಾನೆ, ಮೂಲೆಯಲ್ಲಿರುವ ಎಣ್ಣೆಕಲೆ ಅದೇ. ಈ ಮುದುಕನ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ಇಂತಿ,
ನಿನ್ನ ಅಪ್ಪ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ ನೋಡಿದೆ, ಅವಳ ಎಡಗಿವಿಯ ಹಿಂದೆ ಎರಡು ಬೆರಳಗಲ ಕೂದಲೇ ಇಲ್ಲ. “ಗೋಡೌನಿಗೆ ಹೋಗಿ ಕಿತ್ಕೋತೀನಿ ತಾತ, ಆಮೇಲೆ ನಗು ಬರುತ್ತೆ” ಎಂದಳು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಕೆಲಸ ಬಿಡು ಎಂದರೆ, “ಅಮ್ಮ ಪ್ರತಿ ಸಲ ನನ್ನ ಮಗಳು ಗಟ್ಟಿಗಿತ್ತಿ ಅಂತಾಳಲ್ಲ, ಹೇಗೆ ಬಿಡ್ಲಿ?” ಎನ್ನುತ್ತಾಳೆ. ಈ ಕಾಗದ ತಲುಪಿದ ದಿನವೇ ಫೋನ್ ಮಾಡು. ಆ ಮಾತು ಮಾತ್ರ ಆಡಬೇಡ. ಬಿಟ್ಟುಬಿಡು ಎಂದು ನೀನೇ ಹೇಳು. ಅವಳು ನಗುತ್ತಾ “ಏನೂ ಇಲ್ಲಮ್ಮ” ಎಂದರೆ ಫೋನ್ ಇಡಬೇಡ.